ಅಮ್ಮ ಮನೇಲಿಲ್ಲ

ಭಾಗ 1/8

ಫೋಟೋದಲ್ಲಿರೋದು ನಮ್ಮಮ್ಮನ ಹೊಲಿಗೆ ಮಷಿನ್. ಈ ಸರಣಿ ಕಥೆ ಬರೆಯೋದರ ಬಗ್ಗೆ. ಆದ್ರೆ ಕೊನೆಗೆ ಈ ಮಷಿನ್ ಹತ್ತಿರಾನೇ ಬಂದು ನಿಲ್ಲುತ್ತೆ, ಅದಕ್ಕೆ ಮೊದಲೇ ತೋರಿಸಿಬಿಟ್ಟೆ.

ಹೋದ ತಿಂಗಳು ಕಾಲೇಜಿನ ವಾರ್ಷಿಕ ಸಂಚಿಕೆಗೆ ಕಥೆ ಬೇಕು ಅಂದ್ರು. ನಾನು ಹೆಸರು ಕೊಟ್ಟೆ. ಬಿಕಾಂನವಳು ಕಥೆ ಬರೀತಾಳಂತೆ, ಬ್ಯಾಲೆನ್ಸ್ ಶೀಟ್ ಥರ ಇರುತ್ತೆ ಬಿಡು ಅಂತ ಹಿಂದಿನ ಬೆಂಚಿನವರು ನಕ್ಕರು. ನಗಲಿ. ಅವರು ಹೇಳಿದ್ದು ಒಂದು ರೀತೀಲಿ ನಿಜವೇ ಆಯ್ತು, ಮುಂದೆ ಗೊತ್ತಾಗುತ್ತೆ.

ಮೊದಲ ಕರಡು ಒಂದೇ ರಾತ್ರಿಗೆ ಮುಗೀತು. ಅಷ್ಟು ಸಲೀಸಾಗಿ ಮುಗಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಕಥೆ ಇಷ್ಟೇ. ಗೌರಮ್ಮ ಅಂತ ಒಬ್ಬ ಹೆಂಗಸು. ಮನೇಲೇ ಬಟ್ಟೆ ಹೊಲೀತಾಳೆ, ಬೀದಿಯ 20 ಜನರನ್ನ ಸೇರಿಸಿ ಚೀಟಿ ನಡೆಸ್ತಾಳೆ. ಒಬ್ಬ ಚೀಟಿ ಎತ್ತಿಕೊಂಡು ರಾತ್ರೋರಾತ್ರಿ ಊರು ಬಿಡ್ತಾನೆ. ಗೌರಮ್ಮ ಬಳೆ ಮಾರಿ ಎಲ್ಲರ ದುಡ್ಡೂ ತೀರಿಸ್ತಾಳೆ. ಮಗಳು ಪಕ್ಕದಲ್ಲಿ ನಿಂತು ನೋಡ್ತಾಳೆ. ಕೊನೆಯ ಸಾಲಿನಲ್ಲಿ ಗೌರಮ್ಮನ ಬರಿಗೈ ಮೇಲೆ ಸಂಜೆ ಬಿಸಿಲು ಬೀಳುತ್ತೆ.

ಆ ಸಾಲು ಬರೆದು ನಾನೇ ಅತ್ತೆ. ನನ್ನನ್ನು ಬಿಟ್ಟು ಇನ್ಯಾರೂ ಅಳಲಿಲ್ಲ.

ಭಾಗ 2/8

ಮೊದಲು ಓದಿದ್ದು ನನ್ನ ಬೆಂಚ್‌ಮೇಟ್. ಮಧ್ಯಾಹ್ನ ಡಬ್ಬಿ ತೆಗೆದು, ಒಂದು ಕೈಯಲ್ಲಿ ಪುಳಿಯೋಗರೆ, ಇನ್ನೊಂದು ಕೈಯಲ್ಲಿ ನನ್ನ ಫೋನು.

"ಇದು ನಿಮ್ಮಮ್ಮ ತಾನೇ?"

"ಅಲ್ಲ ಕಣೇ. ಕಲ್ಪನೆ."

"ಅದೇ ಅನ್ಕೊಂಡೆ. ನಿಮ್ಮಮ್ಮ ಆಗಿದ್ರೆ ಬೈಯೋರು. ಅವತ್ತು ನಿಮ್ಮನೆಗೆ ಬಂದಾಗ ಬಾಬಿನ್ ಸಿಗ್ಲಿಲ್ಲ ಅಂತ ಇಡೀ ಮನೆಗೆ ಮಂಗಳಾರತಿ ಎತ್ತಿದ್ರು. ಈ ಗೌರಮ್ಮ ಅಷ್ಟು ದುಡ್ಡು ಹೋದ್ರೂ ಬಾಯೇ ಬಿಡಲ್ಲ. ಹಾರ ಹಾಕಿರೋ ಫೋಟೋ ಥರ ಇದ್ದಾಳೆ."

ನಾನು ಏನೂ ಹೇಳ್ಲಿಲ್ಲ. ಅವಳು ಇನ್ನೊಂದು ತುತ್ತು ತಿಂದು ಕೇಳಿದ್ಲು: "ಆ ಮಗಳು ಏನು ಮಾಡ್ತಾಳೆ ಇಡೀ ಕಥೇಲಿ?"

"ನೋಡ್ತಾಳೆ."

"ಬರೀ ನೋಡ್ತಾಳಾ? ಅಷ್ಟೆಲ್ಲ ಆಗ್ತಿರುವಾಗ?"

ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡ್ಲಿಲ್ಲ. ಕಥೆ ಚೆನ್ನಾಗಿಲ್ಲ ಅಂದಿದ್ರೆ ಇಷ್ಟು ಕೋಪ ಬರ್ತಿರ್ಲಿಲ್ಲ. ಅವಳಿಗೆ ಗೊತ್ತಿಲ್ಲದೆ ಅವಳು ಕೈ ಇಟ್ಟಿದ್ದು ಸರಿಯಾದ ಜಾಗದ ಮೇಲೆ. ನಾನು ನಾಲ್ಕು ವರ್ಷದಿಂದ ಮುಚ್ಚಿಟ್ಟಿದ್ದ ಜಾಗ.

ಭಾಗ 3/8

ಫೋಟೋ: ಅಮ್ಮನ ಹಳೇ ಚೀಟಿ ಪುಸ್ತಕ. ಹೆಸರುಗಳನ್ನ ಬ್ಲರ್ ಮಾಡಿದ್ದೀನಿ.

ನಮ್ಮ ಕ್ಲಾಸಿನವರಿಗೆ ಇದು ಗೊತ್ತು, ಉಳಿದವರಿಗಾಗಿ ಹೇಳ್ತೀನಿ. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಡೆಬಿಟ್ ಮೊತ್ತ, ಕ್ರೆಡಿಟ್ ಮೊತ್ತ ಎರಡೂ ಒಂದೇ ಬರಬೇಕು. ಬರದೇ ಇದ್ರೆ, ತಪ್ಪು ಸಿಗೋವರೆಗೂ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್ ಅನ್ನೋ ಖಾತೆಗೆ ಹಾಕಿ ಮುಂದೆ ಹೋಗ್ತೀವಿ. ಲೆಕ್ಕ ಸರಿಹೋಯ್ತು ಅಂತಲ್ಲ, ಸರಿಹೋದ ಹಾಗೆ ಕಾಣುತ್ತೆ ಅಷ್ಟೆ. ನನ್ನ ಕಥೆ ಟ್ಯಾಲಿ ಆಗಿದ್ದೂ ಹಾಗೇ. ಅಪ್ಪ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಾರೆ. ಅವರು ಯಾವಾಗಲೂ ಒಂದು ಮಾತು ಹೇಳ್ತಾರೆ: ಲೆಕ್ಕ ತಾಳೆ ಆಗಲಿಲ್ಲ ಅಂದ್ರೆ ಮೊದಲು ನೀನು ಬರೆದದ್ದನ್ನ ನೋಡ್ಕೋ, ಆಮೇಲೆ ಬೇರೆಯವರು ಬರೆದದ್ದು.

ನಾನು ಉಲ್ಟಾ ಮಾಡಿದೆ. ಮೊದಲು ಓಡಿಹೋದವನನ್ನ ಸರಿ ಮಾಡೋಣ ಅಂತ ಕೂತೆ, ಯಾಕಂದ್ರೆ ಅದು ಸುಲಭ. ಮೊದಲ ಕರಡಿನಲ್ಲಿ ಅವನಿಗೆ ದಪ್ಪ ಮೀಸೆ, ಕೆಂಪು ಕಣ್ಣು. ಅಮ್ಮನ ಚೀಟಿ ಪುಸ್ತಕ ತೆಗೆದು ನೋಡಿದೆ. 20 ಜನ, ತಿಂಗಳಿಗೆ ₹5,000, 20 ತಿಂಗಳು. ಪ್ರತಿ ತಿಂಗಳೂ ₹1,00,000ದ ಚೀಟಿ ಕೂಗ್ತಾರೆ. ಯಾರು ಜಾಸ್ತಿ ಬಿಟ್ಟುಕೊಡೋಕೆ ಒಪ್ಪುತ್ತಾರೋ ಚೀಟಿ ಅವರಿಗೆ. ಈ ಮನುಷ್ಯ ಎರಡನೇ ತಿಂಗಳಲ್ಲೇ ₹30,000 ಬಿಟ್ಟು ಎತ್ತಿದ್ದ. ಅವನ ಕೈಗೆ ಸಿಕ್ಕಿದ್ದು ₹70,000. ಬಿಟ್ಟ ದುಡ್ಡಿನಲ್ಲಿ ₹5,000 ನಡೆಸೋರ ಕಮಿಷನ್. ಉಳಿದ ₹25,000 ಹಂಚಿದ್ರೆ ತಲೆಗೆ ₹1,250. ಹಾಗಾಗಿ ಆ ತಿಂಗಳು ಎಲ್ಲರೂ ಕಟ್ಟಿದ್ದು ₹3,750 ಮಾತ್ರ. ಎಲ್ಲರಿಗೂ ಖುಷಿ.

ಆ ಅಂಕಿಯನ್ನ ತುಂಬಾ ಹೊತ್ತು ನೋಡಿದೆ. ಮೋಸ ಮಾಡಬೇಕು ಅಂತಲೇ ಬಂದವನಿಗೂ ₹30,000 ಬಿಡೋದು ಸುಲಭ, ನಿಜ. ಆದ್ರೆ ಕತ್ತಿನವರೆಗೆ ಸಾಲ ಬಂದವನೂ ಹಾಗೇ ಬಿಡ್ತಾನೆ. ಪುಸ್ತಕದಲ್ಲಿ ಅವನು ಮುಂದಿನ ನಾಲ್ಕು ತಿಂಗಳು ಕಂತು ಕಟ್ಟಿದ್ದು ಇತ್ತು. ಓಡಿಹೋಗೋಕೇ ಬಂದವನು ನಾಲ್ಕು ತಿಂಗಳು ಯಾಕೆ ಕಟ್ಟಬೇಕು? ಒಮ್ಮೆ ನಮ್ಮನೆ ಮಿಕ್ಸಿ ರಿಪೇರಿ ಮಾಡಿಕೊಟ್ಟು ದುಡ್ಡು ತಗೊಳ್ಳದೆ ಹೋಗಿದ್ದು ಆಗ ನೆನಪಾಯ್ತು. ಮೀಸೆ ತೆಗೆದೆ. ಮಿಕ್ಸಿ ಹಾಕಿದೆ. ಅವನು ಉಸಿರಾಡೋಕೆ ಶುರು ಮಾಡಿದ.

ಪಾತ್ರ ನಂಬೋ ಹಾಗಿರಬೇಕು ಅಂದ್ರೆ ಏನು ಅಂತ ನನಗೆ ಸ್ವಲ್ಪ ಅರ್ಥ ಆಗಿದ್ದು ಅವತ್ತು. ಅವನು ಒಳ್ಳೆಯವನೋ ಕೆಟ್ಟವನೋ ಅನ್ನೋದನ್ನ ನಾನು ಮೊದಲೇ ತೀರ್ಮಾನ ಮಾಡ್ಕೊಂಡು ಕೂರಬಾರದು. ಅವನಿಗೆ ಎಷ್ಟು ದುಡ್ಡು ಬೇಕಿತ್ತು, ಯಾವತ್ತಿನೊಳಗೆ ಬೇಕಿತ್ತು ಅಂತ ಗೊತ್ತಿದ್ರೆ ಉಳಿದದ್ದನ್ನ ಅವನೇ ಹೇಳ್ತಾನೆ.

ಭಾಗ 4/8

ಆಮೇಲೆ ಗೌರಮ್ಮ. ಇಲ್ಲಿ ಕಷ್ಟ ಶುರುವಾಯ್ತು. ಲೈಬ್ರರಿಯಿಂದ ಕೆಲವು ಪುಸ್ತಕ ತಂದೆ.

ದೇವನೂರ ಮಹಾದೇವ ಅವರ 'ಒಡಲಾಳ'ದಲ್ಲಿ ಸಾಕವ್ವ ಇದ್ದಾಳಲ್ಲ, ಅವಳು ಕಳೆದುಹೋದ ತನ್ನ ಹುಂಜ ಹುಡುಕ್ತಾಳೆ. ಅಷ್ಟೇ ಅವಳಿಗೆ ಬೇಕಾಗಿರೋದು, ಒಂದು ಹುಂಜ. ಅದಕ್ಕಾಗಿ ಊರಿಗೆಲ್ಲ ಶಾಪ ಹಾಕ್ತಾಳೆ, ಮನೆಯವರ ಮೇಲೆ ರೇಗ್ತಾಳೆ. ಬಡವಳು ಅಂದಮಾತ್ರಕ್ಕೆ ಅವಳನ್ನ ತಣ್ಣಗೆ, ಒಳ್ಳೆಯವಳಾಗಿ ಕೂರಿಸಿಲ್ಲ. ಅದೇ ಮನೆಯಲ್ಲಿ ರಾತ್ರಿ ಎಲ್ಲರೂ ಸೇರಿ ಕದ್ದ ಕಡಲೆಕಾಯಿ ತಿನ್ನೋದನ್ನ ಓದುವಾಗ ನಮಗೆ ಕಳ್ಳತನ ನೆನಪಾಗಲ್ಲ, ಹಸಿವು ನೆನಪಾಗುತ್ತೆ. ನನ್ನ ಗೌರಮ್ಮ ಬೈಯೋಕೂ ಹಕ್ಕಿಲ್ಲದ ಹಾಗೆ ಇದ್ದಳು. ಗೌರವ ಕೊಡ್ತೀನಿ ಅಂತ ನಾನು ಅವಳ ಬಾಯಿ ಕಟ್ಟಿದ್ದೆ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ದಿನ ನಾವೆಲ್ಲ ಸ್ಟೋರಿ ಹಾಕಿದ್ವಿ, ನೆನಪಿದೆಯಾ? ಇಂಗ್ಲಿಷಿಗೆ ದೀಪಾ ಭಾಸ್ತಿ ಅನುವಾದ ಮಾಡಿದ್ದ 'ಹಾರ್ಟ್ ಲ್ಯಾಂಪ್'. ಪಕ್ಕದ ಹಾಸನದವರು, ವಕೀಲರು. ಲಂಡನ್ನಿನವರೆಗೆ ಹೋದದ್ದು ನಮ್ಮ ಕಡೆಯ ಮನೆಗಳ ಒಳಗಿನ ಹೆಂಗಸರ ಕಥೆಗಳು. ನಾನು ಅವತ್ತು ಸ್ಟೋರಿ ಹಾಕಿದ್ದೆ ಅಷ್ಟೆ, ಓದಿದ್ದು ಈಗ.

ನಿದ್ದೆ ಕೆಡಿಸಿದ್ದು ಮಾತ್ರ ಇನ್ನೊಂದು ಪುಸ್ತಕ. ವಿವೇಕ ಶಾನಭಾಗ ಅವರ 'ಘಾಚರ್ ಘೋಚರ್'. ಅದರಲ್ಲಿ ಕಥೆ ಹೇಳುವವನಿಗೆ ಹೆಸರೇ ಇಲ್ಲ. ಚಿಕ್ಕಪ್ಪನ ವ್ಯಾಪಾರದಿಂದ ಮನೆಗೆ ದುಡ್ಡು ಬಂದಿರುತ್ತೆ. ಒಂದು ದಿನ ಚಿಕ್ಕಪ್ಪನನ್ನ ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರ್ತಾಳೆ. ಮನೆಯವರು ಅವಳನ್ನ ಬೈದು ಓಡಿಸ್ತಾರೆ. ಕಥೆ ಹೇಳುವವನು ತಡೆಯಲ್ಲ, ನೋಡ್ತಾನೆ.

ಬರೀ ನೋಡ್ತಾನೆ. ಪುಸ್ತಕ ಮುಚ್ಚಿಟ್ಟೆ. ನನ್ನ ಕಥೆಯ ಮಗಳೂ ನೋಡ್ತಾಳೆ. ಆದ್ರೆ ಆ ಲೇಖಕರಿಗೆ ತಮ್ಮ ಪಾತ್ರ ಸುಮ್ಮನೆ ನಿಂತಿರೋದು ಎಂಥದ್ದು ಅಂತ ಗೊತ್ತು. ನಾನು ಅದನ್ನ ಮುಗ್ಧತೆ ಅಂತ ಮಾರ್ತಾ ಇದ್ದೆ.

ಭಾಗ 5/8

ಈ ಭಾಗ ಹಾಕಬೇಕೋ ಬೇಡವೋ ಅಂತ ಮೂರು ದಿನ ಡ್ರಾಫ್ಟ್‌ನಲ್ಲೇ ಇಟ್ಟಿದ್ದೆ.

ನಮ್ಮ ಚೀಟಿಯಲ್ಲಿ ಹೂವು ಮಾರೋ ಒಬ್ಬ ಅಕ್ಕ ಇದ್ದರು. ಒಂದು ಸಲವೂ ಕೂಗಲಿಲ್ಲ. ಕೊನೇ ತಿಂಗಳ ಚೀಟಿ ನಂದು, ಏನೂ ಬಿಡದೆ ಪೂರ್ತಿ ತಗೋತೀನಿ, ಮಗಳ ಫೀಸಿಗೆ ಆಗುತ್ತೆ ಅಂತಿದ್ರು. ಓಡಿಹೋದವನ ಕಂತನ್ನ ಪ್ರತಿ ತಿಂಗಳೂ ಅಮ್ಮನೇ ತುಂಬಿ ತುಂಬಿ, ಕೊನೇ ತಿಂಗಳ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರ್ಲಿಲ್ಲ. ಬಳೆ ಆಗಲೇ ಹೋಗಿತ್ತು.

ನನಗೆ 16. ಸಂಜೆ. ಅಕ್ಕ ಬಾಗಿಲಿಗೆ ಬಂದರು. ಒಳಗೆ ಮಷಿನ್ ಓಡ್ತಾ ಇತ್ತು.

"ಅಮ್ಮ ಇದಾರೇನವ್ವ?"

"ಅಮ್ಮ ಮನೇಲಿಲ್ಲ" ಅಂದೆ.

ಮಷಿನ್ ನಿಲ್ತು. ನಾನು ಹಾಗೆ ಅಂದ ತಕ್ಷಣ ನಿಲ್ತು. ನಾನೂ ಕೇಳಿಸ್ಕೊಂಡೆ, ಅವರೂ ಕೇಳಿಸ್ಕೊಂಡರು. ಅವರು ನನ್ನ ಮುಖ ನೋಡಿದ್ರು. ಬೈಯಲಿಲ್ಲ. "ಸರಿ ಕಣವ್ವ, ಬಂದ್ಮೇಲೆ ಹೇಳು, ಬಂದಿದ್ದೆ ಅಂತ" ಅಂದ್ರು. ಹೊರಟವರು ತಿರುಗಿ ಬಂದು, ಬುಟ್ಟಿಯಿಂದ ಒಂದು ಮೊಳ ಮಲ್ಲಿಗೆ ಕಿತ್ತು ನನ್ನ ಕೈಗಿಟ್ಟರು. "ಬಾಡೋಗುತ್ತೆ, ಮುಡ್ಕೋ."

ನಾನು ಮುಡ್ಕೊಂಡೆ. ಮಾರನೇ ದಿನ ಕಾಲೇಜಿಗೂ ಮುಡ್ಕೊಂಡು ಹೋದೆ. ಯಾರೋ ಚೆನ್ನಾಗಿದೆ ಅಂದಿದ್ದೂ ನೆನಪಿದೆ.

ಸುಳ್ಳು ಹೇಳಿದ್ದಕ್ಕಿಂತ ಆ ಹೂವು ಮುಡಿದದ್ದು ನನ್ನನ್ನ ಜಾಸ್ತಿ ಕಾಡುತ್ತೆ. ಸುಳ್ಳಿಗೆ ಒಂದು ಕಾರಣ ಕೊಡಬಹುದು: ಭಯ, ಮನೆ ಮರ್ಯಾದೆ. ಹೂವಿಗೆ ಕಾರಣ ಇಲ್ಲ. ಚೆನ್ನಾಗಿತ್ತು, ಮುಡ್ಕೊಂಡೆ.

ಭಾಗ 6/8

ಫೋಟೋ: ಎರಡನೇ ಕರಡು. ಕೆಂಪು ಗೀಟುಗಳೆಲ್ಲ ನಾನೇ ಹಾಕಿದ್ದು.

ಧೈರ್ಯವಾಗಿ ಬರಿ, ರಿಸ್ಕ್ ತಗೋ ಅಂತ ಎಲ್ಲರೂ ಹೇಳ್ತಾರೆ. ಏನು ರಿಸ್ಕ್ ಅಂತ ಯಾರೂ ಹೇಳಲ್ಲ. ನಾನು ಅದನ್ನ ತಪ್ಪು ತಿಳ್ಕೊಂಡಿದ್ದೆ. ಅಮ್ಮನ ಸಾಲ, ಬಳೆ, ಬೀದಿಯವರು ಮಾತಾಡಿಕೊಂಡದ್ದು, ಇವನ್ನೆಲ್ಲ ಬರೆದದ್ದೇ ದೊಡ್ಡ ಧೈರ್ಯ ಅನ್ಕೊಂಡಿದ್ದೆ. ಈಗ ನೋಡಿದ್ರೆ ಅಲ್ಲಿದ್ದ ರಿಸ್ಕ್ ಎಲ್ಲ ಅಮ್ಮಂದು. ಅವಳ ಮರ್ಯಾದೆಯನ್ನ ಪಣಕ್ಕಿಟ್ಟು ನಾನು ಚಪ್ಪಾಳೆ ತಗೊಳ್ಳೋಕೆ ಹೊರಟಿದ್ದೆ. ನನ್ನದು ಅಂತ ಒಂದು ರೂಪಾಯಿಯೂ ಹಾಕಿರ್ಲಿಲ್ಲ.

ಬೇರೆಯವರ ಗುಟ್ಟು ಬರೆಯೋದಕ್ಕೆ ಧೈರ್ಯ ಬೇಡ. ನನ್ನ ಸಣ್ಣತನ ಬರೆಯೋಕೆ ಬೇಕು. ದೊಡ್ಡ ತಪ್ಪು ಬರೆಯೋದೂ ಒಂದು ಥರ ಸುಲಭ, ಅದರಲ್ಲಿ ನಾವು ಹೀರೋ ಥರ ಕಾಣ್ತೀವಿ. ಒಂದು ಮೊಳ ಹೂವಿನಷ್ಟು ಸಣ್ಣ ತಪ್ಪಲ್ಲಿ ಅವಿತುಕೊಳ್ಳೋಕೂ ಜಾಗ ಇರಲ್ಲ.

ಎರಡನೇ ಕರಡು ಬರೆದೆ. ಮಗಳು ಬಾಗಿಲಲ್ಲಿ ಸುಳ್ಳು ಹೇಳ್ತಾಳೆ, ಹೂವು ಮುಡೀತಾಳೆ. ಗೌರಮ್ಮನಿಗೂ ಅವಳದ್ದನ್ನ ವಾಪಸ್ ಕೊಟ್ಟೆ. ಮೊದಲ ಕರಡಿನಲ್ಲಿ ಅವಳು ಬೀದಿಗೆ ಉಪಕಾರ ಮಾಡೋಕೆ ಚೀಟಿ ನಡೆಸ್ತಿದ್ದಳು, ಕಮಿಷನ್ನೇ ಇರ್ಲಿಲ್ಲ. ನಿಜದಲ್ಲಿ ಅಮ್ಮ ತಿಂಗಳಿಗೆ ₹5,000 ತಗೋತಿದ್ಲು. ನನ್ನ ಪಿಯುಸಿ ಫೀಸು ಅದರಿಂದಲೇ ಕಟ್ಟಿದ್ದು. ನೋಂದಣಿ ಇಲ್ಲದೆ ಹೀಗೆ ಚೀಟಿ ನಡೆಸೋದು 1982ರ ಚಿಟ್ ಫಂಡ್ಸ್ ಕಾಯ್ದೆ ಪ್ರಕಾರ ತಪ್ಪು ಅಂತ ಅವಳಿಗೆ ಗೊತ್ತಿರ್ಲಿಲ್ಲ. ನನಗೂ ಕಾಲೇಜಿಗೆ ಬಂದಮೇಲೇ ಗೊತ್ತಾಗಿದ್ದು. ಕಮಿಷನ್ ತಗೊಳ್ಳೋ ಗೌರಮ್ಮ, ಬಾಬಿನ್ ಸಿಗದಿದ್ರೆ ಕಿರುಚೋ ಗೌರಮ್ಮ, ಬಳೆ ಮಾರಿದ್ರೆ ಅದಕ್ಕೆ ಬೆಲೆ ಇದೆ. ದೇವತೆ ಬಳೆ ಮಾರಿದ್ರೆ ಏನು, ಅವಳಿಗೇನು ನಷ್ಟ?

ಒಂದು ಜಾಗದಲ್ಲಿ ಮಾತ್ರ ನಾನು ನೆನಪಿದ್ದ ಹಾಗೇ ಬರೆದೆ. ಅಕ್ಕ ಬಂದಾಗ ಅಮ್ಮ ಒಳಗಿನಿಂದ, ಇಲ್ಲ ಅನ್ನು ಅಂತ ಕೈಸನ್ನೆ ಮಾಡಿದ್ಲು. ಮಗಳು ಅದನ್ನ ನೋಡಿ ಹಾಗೆ ಅಂದಳು.

ಭಾಗ 7/8

ಕಥೆ ಕೊಡೋ ಮೊದಲು ಅಮ್ಮನಿಗೆ ಓದಿಸಬೇಕು ಅಂತ ತೀರ್ಮಾನ ಮಾಡಿದೆ. ಅವಳಿಗೆ ಗೊತ್ತಿಲ್ಲದೆ ಪ್ರಿಂಟ್ ಆಗೋದು ಬೇಡ. ಬೇಡ ಅಂದ್ರೆ ಹರಿದು ಹಾಕ್ತೀನಿ ಅಂತ ನನಗೆ ನಾನೇ ಹೇಳ್ಕೊಂಡೆ. ನಿಜವಾಗ್ಲೂ ಹರೀತಿದ್ನಾ, ಗೊತ್ತಿಲ್ಲ.

ಭಾನುವಾರ ಮಧ್ಯಾಹ್ನ. ಮಷಿನ್ ಮುಂದೆ ಕೂತು, ಕನ್ನಡಕ ಹಾಕ್ಕೊಂಡು, ಎಂಟು ಹಾಳೆನೂ ಓದಿದಳು. ನಾನು ಅಡುಗೆಮನೇಲಿ ಸುಮ್ಮನೆ ಪಾತ್ರೆ ಸದ್ದು ಮಾಡ್ತಿದ್ದೆ. ಕಮಿಷನ್ ವಿಷಯಕ್ಕೆ ಬೈತಾಳೆ ಅನ್ಕೊಂಡಿದ್ದೆ. ಅದನ್ನ ಎತ್ತಲೇ ಇಲ್ಲ.

"ಇಲ್ಲಿ ತಪ್ಪಾಗಿದೆ ನೋಡು" ಅಂದಳು. "ನಾನು ಯಾವ ಕೈಸನ್ನೆ ಮಾಡಿದೆ?"

"ಮಾಡಿದ್ಯಲ್ಲಮ್ಮ. ಇಲ್ಲ ಅನ್ನು ಅಂತ."

"ಇಲ್ಲ ಕಣೇ. ನನಗೆ ಬಾಗಿಲೇ ಕಾಣ್ತಿರ್ಲಿಲ್ಲ. ಮಷಿನ್ ಆಗ ಒಳಗಿನ ರೂಮಲ್ಲಿತ್ತು, ಗೋಡೆ ಕಡೆ ಮುಖ ಮಾಡಿ. ಅವರ ದನಿ ಕೇಳ್ತು. ಏಳೋಣ, ಏನಾದ್ರೂ ಸಮಾಧಾನ ಹೇಳೋಣ ಅಂತ ಮಷಿನ್ ನಿಲ್ಸಿದೆ. ಅಷ್ಟರಲ್ಲಿ ನೀನೇ ಅಂದೆ, ಅಮ್ಮ ಮನೇಲಿಲ್ಲ ಅಂತ."

ಮಷಿನ್ ಒಳಗಿನ ರೂಮಲ್ಲಿತ್ತು. ಹೌದು. ಈಗಿನ ಜಾಗಕ್ಕೆ ಬಂದಿದ್ದು ಆಮೇಲೆ. ನನಗೆ ಅವಳ ಕೈ ಕಾಣೋಕೆ ಸಾಧ್ಯಾನೇ ಇರ್ಲಿಲ್ಲ. ನಾಲ್ಕು ವರ್ಷದಲ್ಲಿ ಆ ಕೈಸನ್ನೆಯನ್ನ ನಾನೇ ಹೊಲ್ಕೊಂಡಿದ್ದೆ. ಸಸ್ಪೆನ್ಸ್ ಅಕೌಂಟ್‌ನಲ್ಲಿದ್ದ ವ್ಯತ್ಯಾಸ ಅದೇ. ಅಮ್ಮನ ಹೆಸರಿಗೆ ಬರೆದಿದ್ದು ನನ್ನ ಬಾಕಿ.

ಏನೂ ಹೇಳೋಕೆ ಆಗ್ಲಿಲ್ಲ. ಅಮ್ಮ ಹಾಳೆ ಮಡಿಸ್ತಾ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ತಾನಾಗೇ ಹೇಳಿದ್ಲು.

"ನೀನು ಅಂದಿದ್ದು ಕೇಳಿ ನನಗೆ ಒಂಥರಾ ಹಗುರ ಆಯ್ತು. ಏಳೋಕೆ ಹೋದವಳು ಅಲ್ಲೇ ಕೂತ್ಬಿಟ್ಟೆ. ಅದನ್ನೂ ಬರಿ."

ಭಾಗ 8/8

ಮೂರನೇ ಕರಡಿನಲ್ಲಿ ಕೈಸನ್ನೆ ಇಲ್ಲ. ಮಷಿನ್ ನಿಲ್ಲುತ್ತೆ. ಗೌರಮ್ಮ ಏಳೋಕೆ ಅಂತ ಎರಡೂ ಕೈ ಮೇಜಿನ ಮೇಲೆ ಊರ್ತಾಳೆ, ಮಗಳ ಮಾತು ಕೇಳಿ ಹಾಗೇ ಕೂರ್ತಾಳೆ. ಬಿಸಿಲಿನ ಸಾಲು ತೆಗೆದೆ. ಬೆಂಚ್‌ಮೇಟ್ ಓದಿ ಏನೂ ಹೇಳ್ಲಿಲ್ಲ. ಫೋನು ವಾಪಸ್ ಕೊಟ್ಟು, ಮನೆಗೆ ಹೋಗಿ ಅಮ್ಮನ ಹತ್ತಿರ ಏನೋ ಮಾತಾಡೋದಿದೆ ಕಣೇ ಅಂದಳು. ಅಷ್ಟು ಸಾಕು.

ಅಮ್ಮ ಒಪ್ಪಿಗೆ ಕೊಟ್ಟಳು, ಒಂದು ಷರತ್ತು ಹಾಕಿ: ಆ ಅಕ್ಕನ ಗುರುತು ಸಿಗಬಾರದು. "ನಮ್ಮ ಕಥೆ ನಾವು ಬರ್ಕೋಬೋದು. ಅವರು ಕೊಟ್ಟು ಕಾದಿದ್ದೂ ಅಲ್ಲದೆ ಊರ ಬಾಯಿಗೂ ಬೀಳ್ಬೇಕಾ?" ಅಂದಳು. ಅದಕ್ಕೆ ಹೇಳಿಬಿಡ್ತೀನಿ, ಅವರು ಮಾರೋದು ಹೂವಲ್ಲ, ಬೇರೆ ಏನೋ. ಕಥೆಯಲ್ಲೂ ಇಲ್ಲೂ ಅದನ್ನ ಬದಲಾಯಿಸಿದ್ದೀನಿ. ಊಹೆ ಮಾಡೋಕೆ ಹೋಗ್ಬೇಡಿ. ವಸ್ತು ಬದಲಾಯಿಸಬಹುದು, ಹೆಸರು, ಬೀದಿ ಬದಲಾಯಿಸಬಹುದು. ಅವರು ಕೊಟ್ಟದ್ದು, ನಾನು ತಗೊಂಡದ್ದು, ಇದನ್ನ ಮಾತ್ರ ಬದಲಾಯಿಸೋಕೆ ನನಗೆ ಹಕ್ಕಿಲ್ಲ.

ಅವರ ದುಡ್ಡನ್ನ ಅಮ್ಮ ಸ್ವಲ್ಪ ಸ್ವಲ್ಪವಾಗಿ ತೀರಿಸಿದಳು. ಅಷ್ಟರಲ್ಲಿ ಅವರ ಮಗಳ ಒಂದು ವರ್ಷ ಹೋಗಿತ್ತು. ಕಥೆಯಲ್ಲಿ ಅದೂ ಇದೆ. ಮೊದಲ ಕರಡಿನಲ್ಲಿ ಎಲ್ಲ ತೀರಿ ಸುಖಾಂತ್ಯ ಆಗಿತ್ತು, ತಡವಾಗಿದ್ದರ ಲೆಕ್ಕವನ್ನ ನಾನು ಹಿಡಿದೇ ಇರ್ಲಿಲ್ಲ.

ಕಥೆ ಬರೀತಿರೋ ನನ್ನ ಜೂನಿಯರ್‌ಗಳು ಮೆಸೇಜ್ ಮಾಡಿ ಟಿಪ್ಸ್ ಕೇಳ್ತೀರಿ. ನಾನು ಬರೆದಿರೋದು ಒಂದೇ ಕಥೆ, ಅದೂ ಮೂರು ಸಲ. ಆದ್ರೂ ಈಗ ಪ್ರತಿ ಪಾತ್ರಕ್ಕೂ ನಾಲ್ಕು ಪ್ರಶ್ನೆ ಕೇಳ್ತೀನಿ. ಇವರ ಕೈಯಲ್ಲಿ ಇವತ್ತು ಎಷ್ಟು ದುಡ್ಡಿದೆ? ಯಾರಿಗೆ ಸುಳ್ಳು ಹೇಳ್ತಾರೆ? ಆ ಸುಳ್ಳಿನಿಂದ ಯಾರಿಗೆ ಹಗುರ ಆಗುತ್ತೆ? ಕೊನೇದು ಪಾತ್ರಕ್ಕಲ್ಲ, ನನಗೆ: ಈ ಕಥೇಲಿ ನಾನು ಯಾರನ್ನ ಕಾಪಾಡ್ತಾ ಇದ್ದೀನಿ? ಹೆಚ್ಚಿನ ಸಲ ಉತ್ತರ ನಾನೇ ಆಗಿರುತ್ತೆ.

ಕಥೆ ಸೋಮವಾರ ಕೊಡ್ತೀನಿ. ಸಂಚಿಕೆಯಲ್ಲಿ ಬರುತ್ತೋ ಇಲ್ವೋ ಗೊತ್ತಿಲ್ಲ. ಮೊನ್ನೆ ಆ ಅಕ್ಕನ ಹತ್ತಿರ ಹೋಗಿದ್ದೆ. ತಗೊಂಡು ದುಡ್ಡು ಕೊಟ್ಟೆ. ಯಾವಾಗಿನ ಹಾಗೆ ಸ್ವಲ್ಪ ಕೊಸರು ಹಾಕಿದ್ರು. "ಅಕ್ಕ, ಅವತ್ತು ಅಮ್ಮ ಮನೇಲೇ ಇದ್ರು" ಅಂದೆ.

"ಗೊತ್ತು ಕಣವ್ವ" ಅಂದ್ರು. ಮುಂದಿನ ಗಿರಾಕಿ ಕಡೆ ತಿರುಗಿದ್ರು.

ನೀವೂ ಒಂದು ಬಾಗಿಲಲ್ಲಿ ನಿಂತಿರ್ತೀರಿ. ಯಾವುದು ಅಂತ ಕಾಮೆಂಟ್‌ನಲ್ಲಿ ಹೇಳ್ಬೇಡಿ. ನೋಟ್‌ಬುಕ್ ತೆಗೆದು ಬರೀರಿ. ಮೊದಲ ಸಲ ಬರೆದಾಗ ಕೈಸನ್ನೆ ಮಾಡಿದ್ದು ಬೇರೆ ಯಾರೋ ಆಗಿರ್ತಾರೆ. ಇನ್ನೊಂದು ಸಲ ಬರೀರಿ.

#ಕನ್ನಡಕಥೆ #ಕಥೆಬರೆಯೋಣ #ಬಿಕಾಂಹುಡುಗಿಯಕಥೆ